ಎದೆಬಡಿತ, ಸುಸ್ತು, ಜೋಮು: ಆತಂಕವೋ ಕಾಯಿಲೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು ಕಡೆಯವರು ಮಾತುಕತೆಯಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಒಟ್ಟುಗೂಡಿಸಲಾಗಿದೆ. ಈ ಉತ್ತರಗಳು ವೈದ್ಯರ ತಪಾಸಣೆಗೆ ಬದಲಿಯಲ್ಲ. ಯಾವಾಗ ತಡಮಾಡದೆ ಹೊರಡಬೇಕು, ಯಾವಾಗ ಕಾದು ನೋಡಬಹುದು, ವೈದ್ಯರ ಮುಂದೆ ಕುಳಿತಾಗ ಏನನ್ನು ಹೇಳಬೇಕು ಎಂಬುದನ್ನು ತಿಳಿಯಲು ಇವು ನೆರವಾಗಬೇಕೆಂಬುದು ಉದ್ದೇಶ.

## ಮೊದಲು ತಿಳಿಯಬೇಕಾದದ್ದು

ಎಲ್ಲ ರಿಪೋರ್ಟೂ ನಾರ್ಮಲ್ ಅಂತಾರೆ. ಆದ್ರೆ ನನಗೆ ತೊಂದರೆ ಇರೋದು ನಿಜ. ಹಾಗಾದ್ರೆ ನಾನು ನಾಟಕ ಮಾಡ್ತಿದೀನಾ?

ಖಂಡಿತ ಇಲ್ಲ. ಆತಂಕದಿಂದ ಹೆಚ್ಚಿದ ಎದೆಬಡಿತವೂ ನಿಜವಾದ ಎದೆಬಡಿತವೇ. ಆ ಹೊತ್ತಿನಲ್ಲಿ ಇಸಿಜಿ ಮಾಡಿದರೆ ನಿಮಿಷಕ್ಕೆ 110, 120 ಎಂದು ಕಾಗದದ ಮೇಲೆಯೇ ದಾಖಲಾಗುತ್ತದೆ. ಅಪಾಯ ಎದುರಾಗಿದೆ ಎಂದು ಮೆದುಳು ಬಗೆದ ಕೂಡಲೇ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ಕಬ್ಬಿನ ಗದ್ದೆಯಲ್ಲಿ ಹಾವು ಕಂಡರೂ, ಸಾಲದ ನೋಟಿಸು ಮನೆಗೆ ಬಂದರೂ ದೇಹದಲ್ಲಿ ನಡೆಯುವುದು ಇದೇ. ಹಾವನ್ನು ಕಂಡವನಿಗೆ ತನ್ನ ಎದೆ ಏಕೆ ಹೊಡೆದುಕೊಳ್ಳುತ್ತಿದೆ ಎಂಬುದು ಗೊತ್ತಿರುತ್ತದೆ, ತಿಂಗಳುಗಟ್ಟಲೆ ಚಿಂತೆಯಲ್ಲಿರುವವರಿಗೆ ಗೊತ್ತಿರುವುದಿಲ್ಲ.

ನಾರ್ಮಲ್ ರಿಪೋರ್ಟ್ ಹೇಳುವುದು ಇಷ್ಟನ್ನೇ: ಆ ಪರೀಕ್ಷೆ ಹುಡುಕಿದ ಕಾಯಿಲೆ ಆ ದಿನ ಕಾಣಿಸಲಿಲ್ಲ. ನಿಮಗೆ ಏನೂ ಆಗಿಲ್ಲವೆಂದು ಅದು ಹೇಳುವುದಿಲ್ಲ. ಮನೆಯವರು ‘ಸುಮ್ನೆ ಏನೇನೋ ಅಂದ್ಕೋತೀಯ’ ಎಂದು ಗದರುವುದರಿಂದ ಯಾರ ಎದೆಬಡಿತವೂ ಇಳಿದದ್ದಿಲ್ಲ.

ಯಾವುದು ಕಾಣಿಸ್ಕೊಂಡ್ರೆ ಯೋಚನೆ ಮಾಡದೆ ಆಸ್ಪತ್ರೆಗೆ ಹೋಗಬೇಕು?

ಎದೆಯ ನಡುವೆ ಭಾರ ಅಥವಾ ಹಿಂಡಿದಂತಹ ನೋವು ಕಾಣಿಸಿಕೊಂಡು 15 ನಿಮಿಷವಾದರೂ ಬಿಡದಿದ್ದರೆ, ಅಥವಾ ಆ ನೋವು ತೋಳು, ದವಡೆ, ಬೆನ್ನಿಗೆ ಹರಿದು ತಣ್ಣನೆಯ ಬೆವರು ಬಂದರೆ 108ಕ್ಕೆ ಕರೆಮಾಡಬೇಕು. ಮುಖ ಒಂದು ಕಡೆಗೆ ವಾಲುವುದು, ಒಂದೇ ಪಕ್ಕದ ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗಿರುವುದರಿಂದ ‘ಬೆಳಗಾಗಲಿ’ ಎಂದು ಕಾಯಬಾರದು. ಕ್ಷಣಮಾತ್ರದಲ್ಲಿ ಸಿಡಿದಂತೆ ಬಂದ, ಹಿಂದೆಂದೂ ಕಾಣದ ತಲೆನೋವು, ಪ್ರಜ್ಞೆ ತಪ್ಪುವುದು, ಮಲದಲ್ಲಿ ರಕ್ತ ಅಥವಾ ಟಾರಿನಂತೆ ಕಪ್ಪು ಬಣ್ಣ, ಒಂದು ವಾಕ್ಯವನ್ನೂ ಪೂರ್ತಿ ಆಡಲಾಗದಷ್ಟು ಏದುಸಿರು ಕೂಡ ಇದೇ ಸಾಲಿಗೆ ಸೇರುತ್ತವೆ. ಇಂತಹ ಹೊತ್ತಿನಲ್ಲಿ ‘ನನಗೆ ಮೊದಲೇ ಆತಂಕದ ತೊಂದರೆ ಇದೆ’ ಎಂಬುದು ಮನೆಯಲ್ಲೇ ಉಳಿಯಲು ಕಾರಣವಾಗಬಾರದು.

ಟೆನ್ಷನ್‌ದೋ ಕಾಯಿಲೆದೋ ಅಂತ ನಾನೇ ಕಂಡುಹಿಡಿಯಬಹುದಾ?

ಪೂರ್ತಿಯಾಗಿ ಆಗುವುದಿಲ್ಲ. ಆದರೆ ವೈದ್ಯರಿಗೆ ಅತ್ಯಂತ ಬೇಕಾದ ಮಾಹಿತಿಯನ್ನು ನೀವು ಮಾತ್ರ ಕೊಡಬಲ್ಲಿರಿ. ಎಷ್ಟು ಹೆದರಿಕೆಯಾಯಿತು ಎಂಬುದು ಕಾಯಿಲೆಯ ಅಳತೆಗೋಲಲ್ಲ. ತೀವ್ರ ಆತಂಕದಲ್ಲಿ ಸತ್ತೇಹೋಗುತ್ತೇನೆ ಎನ್ನಿಸಬಹುದು, ನಿಜವಾದ ಹೃದಯಾಘಾತದಲ್ಲಿ ‘ಏನೋ ಸ್ವಲ್ಪ ಉರಿ’ ಎಂದಷ್ಟೇ ಅನ್ನಿಸಬಹುದು. ನೋಡಬೇಕಾದದ್ದು ತೊಂದರೆಯ ನಡೆಯನ್ನು: ಯಾವಾಗ ಬರುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ, ಎಷ್ಟು ಹೊತ್ತು ಇರುತ್ತದೆ, ಹೇಗೆ ಹೋಗುತ್ತದೆ.

ಎರಡು ವಾರ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಿ. ‘ಸೋಮವಾರ ರಾತ್ರಿ 11, ಮಲಗಿ ಮೊಬೈಲ್ ನೋಡುತ್ತಿದ್ದೆ, ಎದೆ ಬಿಗಿ, 20 ನಿಮಿಷ, ಎದ್ದು ಓಡಾಡಿದ ಮೇಲೆ ಹೋಯಿತು. ಸಂಜೆ ಎರಡು ಲೋಟ ಕಾಫಿ ಕುಡಿದಿದ್ದೆ’ ಎಂಬಷ್ಟು ಸಾಕು. ಮೈಮೇಲೆ ಜಾಗ ಬದಲಿಸುತ್ತ ಸಾಗುವ, ಕೆಲಸದಲ್ಲಿ ಮುಳುಗಿದಾಗ ಮರೆತುಹೋಗುವ, ವರ್ಷಗಟ್ಟಲೆ ಬಂದುಹೋದರೂ ತೂಕ ಮತ್ತು ಬಲವನ್ನು ಕುಂದಿಸದ ತೊಂದರೆಗಳ ಹಿಂದೆ ಆತಂಕವಿರುವ ಸಾಧ್ಯತೆ ಹೆಚ್ಚು. ಒಂದೇ ಜಾಗದಲ್ಲಿ ನಿಂತು ವಾರದಿಂದ ವಾರಕ್ಕೆ ಬಲಿಯುತ್ತ ಹೋಗುವ, ಜ್ವರ ಅಥವಾ ಕಾರಣವಿಲ್ಲದ ತೂಕದ ಇಳಿಕೆಯೊಂದಿಗೆ ಬರುವ ತೊಂದರೆಯನ್ನು ಕಾಯಿಲೆಯೆಂದೇ ಭಾವಿಸಿ ಪರೀಕ್ಷಿಸಬೇಕು. ಬರೆಯುವುದನ್ನು ಎರಡು ವಾರದ ನಂತರ ನಿಲ್ಲಿಸಿ. ಆಮೇಲೂ ಮುಂದುವರಿಸಿದರೆ ಆ ಬರವಣಿಗೆಯೇ ಮೈಯನ್ನು ಕಾವಲು ಕಾಯುವ ಚಟವಾಗುತ್ತದೆ.

## ಎದೆ, ಉಸಿರು, ಗಂಟಲು, ತಲೆ, ಹೊಟ್ಟೆ

ಎದೆ ನೋವು ಅಂದ್ರೆ ಒಬ್ಬರು ಗ್ಯಾಸ್ ಅಂತಾರೆ, ಇನ್ನೊಬ್ಬರು ಟೆನ್ಷನ್ ಅಂತಾರೆ. ಹಾರ್ಟ್ ಅಲ್ಲ ಅಂತ ಹೇಗೆ ಗೊತ್ತಾಗೋದು?

ಹೃದಯದ ರಕ್ತನಾಳ ಕಿರಿದಾದಾಗ ಬರುವ ನೋವಿಗೆ ಶ್ರಮದೊಂದಿಗೆ ನಂಟಿರುತ್ತದೆ. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುವವರೊಬ್ಬರಿಗೆ ದಿನವೂ ಹೆಚ್ಚುಕಡಿಮೆ ಅದೇ ದೂರ ಕ್ರಮಿಸುವ ಹೊತ್ತಿಗೆ ಎದೆ ಹಿಡಿದುಕೊಂಡು, ಬೆಂಚಿನ ಮೇಲೆ ಕುಳಿತ ಕೆಲವೇ ನಿಮಿಷದಲ್ಲಿ ಬಿಟ್ಟುಹೋದರೆ, ನೋವು ಎಷ್ಟೇ ಸಣ್ಣದಿದ್ದರೂ ಅದೇ ವಾರ ಹೃದ್ರೋಗ ತಜ್ಞರನ್ನು ಕಾಣಬೇಕು. ಅದೇ ಬಿಗಿತ ಕುಳಿತಾಗ ಬಂದು, ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಒಮ್ಮೆಯೂ ಬರದಿದ್ದರೆ ಹೃದಯದ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಬೆರಳ ತುದಿಯಲ್ಲಿ ತೋರಿಸಬಹುದಾದ, ಒತ್ತಿದರೆ ಹೆಚ್ಚುವ, ಸೂಜಿ ಚುಚ್ಚಿದಂತೆ ಬಂದು ಕ್ಷಣದಲ್ಲಿ ಹೋಗುವ ನೋವು ಬಹುತೇಕ ಎದೆಗೂಡಿನ ಸ್ನಾಯುವಿನದು.

ಆದರೂ ಈ ನಿಯಮಗಳಿಗೆ ದೊಡ್ಡ ಅಪವಾದಗಳಿವೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಮಹಿಳೆಯರಲ್ಲಿ ಮತ್ತು ವಯಸ್ಸಾದವರಲ್ಲಿ ಹೃದಯಾಘಾತ ನೋವಿಲ್ಲದೆ ಬರಿಯ ಉಸಿರಾಟದ ಕಷ್ಟ, ವಾಕರಿಕೆ, ವಿಪರೀತ ಸುಸ್ತು, ಹೊಟ್ಟೆಯ ಮೇಲ್ಭಾಗದ ಉರಿಯಾಗಿ ಬರಬಹುದು. ಸೋಡಾ ಕುಡಿದು, ತೇಗು ಬಂದಿತೆಂದು ಸಮಾಧಾನಪಟ್ಟು ಮಲಗಿದವರ ಕಥೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ನಲವತ್ತು ದಾಟಿದವರಿಗೆ ಅಥವಾ ಸಕ್ಕರೆ, ಬಿಪಿ, ಬೀಡಿ–ಸಿಗರೇಟು ಇರುವವರಿಗೆ ಹೊಸದಾಗಿ ಬಂದ ‘ಗ್ಯಾಸ್’ ನೋವಿಗೆ ಇಸಿಜಿ ಆಗದೆ ಆ ಹೆಸರಿಡಬಾರದೆಂಬುದು ನನ್ನ ದೃಢ ಅಭಿಪ್ರಾಯ. ಮೊದಲ ಇಸಿಜಿ ಸರಿಯಿದ್ದರೂ ಅನುಮಾನ ಉಳಿದರೆ ಕೆಲವು ಗಂಟೆಗಳ ಅಂತರದಲ್ಲಿ ಮತ್ತೊಮ್ಮೆ ಇಸಿಜಿಯನ್ನೂ, ಹೃದಯದ ಸ್ನಾಯುವಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆಯನ್ನೂ ಮಾಡುತ್ತಾರೆ. ಮೈಸೂರಿನ ಜಯದೇವ ಆಸ್ಪತ್ರೆ ದೂರವೆಂದು ಹಳ್ಳಿಯಲ್ಲೇ ಕುಳಿತಿರಬೇಕಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಅಗತ್ಯಬಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವುದಕ್ಕಾಗಿಯೇ ಬಂದದ್ದು.

ರಾತ್ರಿ ಇದ್ದಕ್ಕಿದ್ದಂಗೆ ಎದೆ ಡವಡವ ಅಂತದೆ, ಕೈ ಜೋಮು ಹಿಡೀತದೆ, ಜೀವ ಹೋದಂಗಾಯ್ತದೆ. ಅರ್ಧ ಗಂಟೆಗೆ ಸರಿಹೋಯ್ತದೆ. ಏನಿದು?

ಈ ವಿವರಣೆ ಪ್ಯಾನಿಕ್ ಅಟ್ಯಾಕ್ ಎನ್ನುವ ಆತಂಕದ ಹಠಾತ್ ಉಬ್ಬರಕ್ಕೆ ಹೊಂದುತ್ತದೆ. ಅದು ಕೆಲವೇ ನಿಮಿಷಗಳಲ್ಲಿ ತುತ್ತತುದಿಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ನಿದ್ದೆಯಿಂದ ಎಬ್ಬಿಸಿಯೂ ಬರಬಹುದು. ಕೈ ಜೋಮಿಗೆ ಕಾರಣ ಉಸಿರು. ಗಾಬರಿಯಲ್ಲಿ ಅರಿವಿಲ್ಲದೆ ಬೇಗಬೇಗ ಉಸಿರಾಡಿದಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ರಕ್ತ ತುಸು ಕ್ಷಾರೀಯವಾಗುತ್ತದೆ, ಅದರಿಂದ ಕ್ಯಾಲ್ಸಿಯಂನ ಸಮತೋಲ ತಪ್ಪಿ ಬೆರಳುಗಳಲ್ಲಿ, ತುಟಿಯ ಸುತ್ತ ಜುಮುಜುಮು ಎನ್ನುತ್ತದೆ. ಹೆಚ್ಚಾದರೆ ಬೆರಳುಗಳು ಸೆಟೆದುಕೊಳ್ಳುತ್ತವೆ. ಉಸಿರು ಸಾಲದೆಂದು ಅನ್ನಿಸುವಾಗಲೇ ಉಸಿರು ಅತಿಯಾಗಿರುತ್ತದೆ. ಆದ್ದರಿಂದ ದೀರ್ಘವಾಗಿ ಎಳೆದುಕೊಳ್ಳುವುದಕ್ಕಿಂತ, ಮೂಗಿನಿಂದ ಮೆಲ್ಲಗೆ ತೆಗೆದುಕೊಂಡು ಅದಕ್ಕಿಂತ ಹೆಚ್ಚು ಹೊತ್ತು ಹೊರಬಿಡುವುದು ಉಪಯುಕ್ತ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನು ಮಾಡಬಾರದು, ತೊಂದರೆ ಹೃದಯದ್ದೋ ಆಸ್ತಮಾದ್ದೋ ಆಗಿದ್ದರೆ ಅದು ಅಪಾಯಕಾರಿ.

ಒಂದು ಎಚ್ಚರಿಕೆಯ ಮಾತಿದೆ. ಎಸ್‌ವಿಟಿ ಎಂಬ ಹೃದಯದ ಲಯದ ತೊಂದರೆಯನ್ನು, ಅದರಲ್ಲೂ ಕಿರಿಯ ಮಹಿಳೆಯರಲ್ಲಿ, ಆತಂಕವೆಂದು ತಪ್ಪಾಗಿ ತಿಳಿಯುವುದುಂಟು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ. ಆತಂಕದ ಬಡಿತ ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ. ಎಸ್‌ವಿಟಿ ಸ್ವಿಚ್ ಒತ್ತಿದಂತೆ ಶುರುವಾಗಿ ಹಾಗೆಯೇ ನಿಲ್ಲುತ್ತದೆ, ನಡುವೆ ನಾಡಿ 150 ದಾಟಿ ಎಣಿಸಲಾಗದಷ್ಟು ಓಡುತ್ತದೆ. ಹಾಗಿದ್ದರೆ ತೊಂದರೆ ಇರುವಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ, ಏಕೆಂದರೆ ಲಯ ನಿಂತ ಮೇಲೆ ತೆಗೆದ ಇಸಿಜಿ ಬಹಳಷ್ಟು ಸಲ ಸರಿಯಾಗಿಯೇ ಇರುತ್ತದೆ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಂಗೆ ಇರ್ತದೆ. ಕ್ಯಾನ್ಸರ್ ಇರಬಹುದಾ?

ಎಂಜಲು ನುಂಗುವಾಗ ಉಂಡೆಯಿದ್ದಂತೆ ಅನ್ನಿಸಿ, ಮುದ್ದೆ ನುಂಗುವಾಗ ಏನೂ ಅಡ್ಡಿಯಾಗದಿದ್ದರೆ ಅದು ಗಂಟಲ ಸ್ನಾಯುಗಳ ಬಿಗಿತದಿಂದಲೋ ಹುಳಿತೇಗಿನಿಂದಲೋ ಆಗಿರುವುದೇ ಹೆಚ್ಚು. ಊಟವೇ ಸಿಕ್ಕಿಕೊಳ್ಳುವುದು, ಮೊದಲು ಗಟ್ಟಿ ಪದಾರ್ಥ ಆಮೇಲೆ ನೀರೂ ಇಳಿಯದಿರುವುದು, ಮೂರು ವಾರ ದಾಟಿದ ಧ್ವನಿ ಒಡಕು, ಕತ್ತಿನ ಗಂಟು, ಇವುಗಳಿದ್ದರೆ ಕಿವಿ–ಮೂಗು–ಗಂಟಲು ತಜ್ಞರಿಗೆ ತೋರಿಸಬೇಕು. ತಂಬಾಕು ಅಗಿಯುವವರು ಈ ಲಕ್ಷಣಗಳಿಗಾಗಿ ಕಾಯದೆ ತೋರಿಸುವುದು ಲೇಸು.

ತಲೆ ಗಿರ್ ಅಂದ್ರೆ ಬಿಪಿ ಲೋ ಆಗಿದೆ ಅಂತ ಡ್ರಿಪ್ಸ್ ಹಾಕ್ತಾರೆ. ಎರಡು ದಿನ ಚೆನ್ನಾಗಿರ್ತದೆ, ಆಮೇಲೆ ಮತ್ತೆ ಅದೇ. ಯಾಕೆ?

500 ಮಿಲಿಲೀಟರಿನ 5% ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್ ಮತ್ತು ನೀರು, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ವಾಂತಿ–ಭೇದಿಯಾಗಿ ಬಾಯಿಂದ ಕುಡಿಯಲಾಗದವರಿಗೆ ಡ್ರಿಪ್ಸ್ ಜೀವ ಉಳಿಸುತ್ತದೆ. ಉಳಿದವರಿಗೆ ಗುಣ ಕೊಡುವುದು ಬಹುಪಾಲು ಆ ಒಂದು ಗಂಟೆಯ ವಿಶ್ರಾಂತಿ ಮತ್ತು ಯಾರೋ ನೋಡಿಕೊಳ್ಳುತ್ತಿದ್ದಾರೆಂಬ ಧೈರ್ಯ. ಅದು ಸಣ್ಣ ಸಂಗತಿಯಲ್ಲ, ಆದರೆ ಕಾರಣವನ್ನು ಮುಚ್ಚಿಬಿಡುತ್ತದೆ. ಹಾಸಿಗೆಯಲ್ಲಿ ಮಗ್ಗುಲಾದಾಗ ಕೋಣೆಯೇ ಸುತ್ತಿದಂತಾಗಿ ಒಂದು ನಿಮಿಷದೊಳಗೆ ನಿಂತರೆ ಅದು ಒಳಗಿವಿಯ ಕಣಗಳು ಜಾಗ ತಪ್ಪಿದ ತೊಂದರೆಯಾಗಿರಬಹುದು. ತಲೆಯನ್ನು ಕ್ರಮವಾಗಿ ತಿರುಗಿಸುವ ಸರಳ ವಿಧಾನದಿಂದ ವೈದ್ಯರು ಅದನ್ನು ಸರಿಪಡಿಸಬಲ್ಲರು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಟ್ಟರೆ ಮಲಗಿದಾಗ ಮತ್ತು ನಿಂತಾಗ ಎರಡೂ ಬಾರಿ ಬಿಪಿ ನೋಡಬೇಕು, ಬಿಪಿ ಮಾತ್ರೆಯ ಪ್ರಮಾಣವನ್ನೂ ಪರಿಶೀಲಿಸಬೇಕು. ಜಾತ್ರೆ, ಸಂತೆ, ತುಂಬಿದ ಬಸ್ಸಿನಲ್ಲಿ ಮಾತ್ರ ತಲೆ ತೇಲಿದಂತಾದರೆ ಆತಂಕದ ಕಡೆಗೆ ನೋಡಬೇಕು.

ಕೆಲಸಕ್ಕೆ ಹೊರಡೋ ಹೊತ್ತಿಗೆ ಸರಿಯಾಗಿ ಹೊಟ್ಟೆ ಕೆಡ್ತದೆ. ಭಾನುವಾರ ಏನೂ ಇರಲ್ಲ.

ಕರುಳಿಗೆ ತನ್ನದೇ ನರಜಾಲವಿದ್ದು ಅದು ಮೆದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತದೆ. ನೀವು ಹೇಳಿದ ಭಾನುವಾರದ ವಿವರವೇ ಮುಖ್ಯ ಸುಳಿವು. ನಿದ್ದೆಯಿಂದ ಎಬ್ಬಿಸುವ ಭೇದಿ, ರಕ್ತ, ಜ್ವರ, ತೂಕ ಇಳಿಕೆ, ರಕ್ತಹೀನತೆ ಅಥವಾ ಐವತ್ತರ ನಂತರ ಹೊಸದಾಗಿ ಬದಲಾದ ಮಲವಿಸರ್ಜನೆಯ ರೂಢಿ ಇದ್ದರೆ ಮಾತ್ರ ಈ ಸುಳಿವನ್ನು ನಂಬಿ ಕೂರಬಾರದು.

## ಪರೀಕ್ಷೆಗಳ ಬಗ್ಗೆ

ಆತಂಕದ ತರಾನೇ ಕಾಣೋ ಕಾಯಿಲೆಗಳು ಯಾವುವು?

ಥೈರಾಯ್ಡ್ ಹಾರ್ಮೋನು ಹೆಚ್ಚಾದಾಗ ಕೈನಡುಕ, ಎದೆಬಡಿತ, ಸೆಖೆ ತಡೆಯಲಾಗದಿರುವುದು, ಚೆನ್ನಾಗಿ ಉಂಡರೂ ತೂಕ ಇಳಿಯುವುದು ಕಾಣುತ್ತವೆ. ರಕ್ತಹೀನತೆಯಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಡವಡವ; ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಪುರುಷರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಅದು ಎಷ್ಟು ಸಾಮಾನ್ಯವೆಂದರೆ, ಹಿಮೋಗ್ಲೋಬಿನ್ ನೋಡದೆ ಅವರ ಸುಸ್ತಿಗೆ ‘ಮನಸ್ಸಿನದು’ ಎನ್ನುವುದು ಅನ್ಯಾಯ. ಕೇವಲ ಸಸ್ಯಾಹಾರ ತಿನ್ನುವವರಿಗೂ ವರ್ಷಗಳಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುವವರಿಗೂ ವಿಟಮಿನ್ ಬಿ12 ಕಡಿಮೆಯಾಗಿ ಪಾದಗಳಲ್ಲಿ ಜೋಮು ಬರಬಹುದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರಿಗೆ ಊಟ ತಪ್ಪಿದಾಗ ಬರುವ ಬೆವರು–ನಡುಕ ಆತಂಕದಂತೆಯೇ ಇರುತ್ತದೆ. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ತಿನ್ನಿಸಬೇಕು.

ಆಸ್ತಮಾದ ಸಾಲ್‌ಬುಟಮಾಲ್ ಇನ್‌ಹೇಲರ್ ಕೈನಡುಕ ತರುತ್ತದೆ. ದಿನವೂ ಮದ್ಯ ಕುಡಿಯುವವರು ದಿಢೀರನೆ ಬಿಟ್ಟರೆ ಒಂದು ದಿನದೊಳಗೆ ನಡುಕ, ಬೆವರು, ಗಾಬರಿ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದಾದ್ದರಿಂದ ವೈದ್ಯರ ನಿಗಾದಲ್ಲೇ ಬಿಡಬೇಕು. ಸಂಜೆಯ ಫಿಲ್ಟರ್ ಕಾಫಿಯ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ.

ಮಂಡ್ಯದ ರೈತರು ಇನ್ನೊಂದನ್ನು ನೆನಪಿಡಬೇಕು. ಔಷಧಿ ಹೊಡೆದು ಬಂದ ದಿನ ಬೆವರು, ಬಾಯಲ್ಲಿ ನೀರೂರುವುದು, ಕಣ್ಣು ಮಂಜು, ಪಾಪೆ ಚಿಕ್ಕದಾಗುವುದು, ಸ್ನಾಯು ಅದುರುವುದು, ಎದೆಬಿಗಿತ ಒಟ್ಟಿಗೆ ಬಂದರೆ ಅದು ಆರ್ಗನೋಫಾಸ್ಫೇಟ್ ಕೀಟನಾಶಕದ ವಿಷಪ್ರಭಾವವಾಗಿರಬಹುದು. ಬಟ್ಟೆ ಕಳಚಿ, ಸೋಪು ಹಚ್ಚಿ ಮೈತೊಳೆದು, ಡಬ್ಬಿಯ ಲೇಬಲ್ಲಿನೊಂದಿಗೆ ಆಸ್ಪತ್ರೆಗೆ ಹೋಗಬೇಕು.

ಒಂದೇ ಸಲ ಫುಲ್ ಬಾಡಿ ಚೆಕಪ್ ಮಾಡಿಸಿಬಿಟ್ರೆ ಅನುಮಾನ ಹೋಗಲ್ವಾ?

ಬಹಳಷ್ಟು ಸಲ ಅನುಮಾನ ಹೆಚ್ಚುತ್ತದೆ. ಅನೇಕ ರಕ್ತಪರೀಕ್ಷೆಗಳ ‘ಸಾಮಾನ್ಯ ಮಿತಿ’ಯನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ ನಿಗದಿಮಾಡಿರುತ್ತಾರೆ. ಪರಸ್ಪರ ಸಂಬಂಧವಿಲ್ಲದ ಅಂತಹ 20 ಪರೀಕ್ಷೆಗಳನ್ನು ಪೂರ್ಣ ಆರೋಗ್ಯವಂತರೊಬ್ಬರಿಗೆ ಮಾಡಿದರೂ ಒಂದಾದರೂ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿ ಬರುವ ಸಾಧ್ಯತೆ ನೂರಕ್ಕೆ 64. ಆ ಒಂದು ಅಂಕಿಯನ್ನು ಹಿಡಿದು ಮತ್ತೆ ಅಲೆದಾಟ ಮೊದಲಾಗುತ್ತದೆ. ವಿವರ ಕೇಳಿ, ಮೈ ಮುಟ್ಟಿ ಪರೀಕ್ಷಿಸಿದ ವೈದ್ಯರು ಲಕ್ಷಣಕ್ಕೆ ತಕ್ಕಂತೆ ಆರಿಸುವ ಕೆಲವು ಪರೀಕ್ಷೆಗಳು, ಅಂದರೆ ಸಿಬಿಸಿ (ರಕ್ತಕಣಗಳ ಎಣಿಕೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಸಕ್ಕರೆ, ಇಸಿಜಿ, ಕೆಲವರಿಗೆ ಬಿ12, ಬಹುತೇಕ ಸಂದರ್ಭಗಳಲ್ಲಿ ಆರಂಭಕ್ಕೆ ಸಾಕು.

ಟಿವಿಲಿ ಹಾಸನದ ಸುದ್ದಿ ನೋಡಿದ ಮೇಲೆ ಇಸಿಜಿ ಮಾಡಿಸ್ತಾನೇ ಇದೀನಿ. ಮಾಡಿಸಿದ ದಿನ ಧೈರ್ಯ, ಆಮೇಲೆ ಮತ್ತೆ ಭಯ. ಎಷ್ಟು ಸಲ ಮಾಡಿಸಬೇಕು?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ, 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತಗಳ ಸುದ್ದಿ ಹಬ್ಬಿದಾಗಲೂ ತಪಾಸಣೆಗಾಗಿ ಜನ ಮುಗಿಬಿದ್ದರು. ಎರಡನೆಯ ಸಲ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು ನಿಂತಿತ್ತು. ಆ ಭಯ ಸಹಜವಾದದ್ದು, ಅಪಾಯದ ಅಂಶಗಳಿರುವವರಿಗೆ ಒಂದು ಸರಿಯಾದ ತಪಾಸಣೆಯೂ ಅಗತ್ಯವಾದದ್ದು. ಆದರೆ ಲಕ್ಷಣ ಬದಲಾಗದೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿಸಿದಾಗ ಮೆದುಳು ಕಲಿಯುವುದೇ ಬೇರೆ: ‘ಪರೀಕ್ಷೆ ಆಗಿದ್ದರಿಂದ ಬದುಕಿದೆ.’ ಸಮಾಧಾನ ಉಳಿಯುವ ಅವಧಿ ಸಲದಿಂದ ಸಲಕ್ಕೆ ಕಿರಿದಾಗುತ್ತದೆ. ಅಂತರ್ಜಾಲದಲ್ಲಿ ಲಕ್ಷಣ ಹುಡುಕುವುದು, ಗಳಿಗೆಗೊಮ್ಮೆ ನಾಡಿ ಹಿಡಿಯುವುದು, ಮನೆಯವರನ್ನು ‘ನಂಗೇನೂ ಆಗಲ್ಲ ಅಲ್ವಾ’ ಎಂದು ಕೇಳುವುದು ಇದೇ ಸುಳಿಯ ಭಾಗಗಳು.

ಒಬ್ಬರೇ ವೈದ್ಯರನ್ನು ಗೊತ್ತುಮಾಡಿಕೊಂಡು, ತೊಂದರೆ ಇರಲಿ ಬಿಡಲಿ ತಿಂಗಳಿಗೊಮ್ಮೆ ನಿಗದಿತ ದಿನ ಕಾಣುವ ಏರ್ಪಾಡು ಇದಕ್ಕೆ ಒಳ್ಳೆಯ ಮದ್ದು. ಹಳೆಯ ಇಸಿಜಿಗಳನ್ನು ನೆರಳಚ್ಚು ಮಾಡಿಸಿ ಇಟ್ಟುಕೊಳ್ಳಿ. ಆ ಹೊಳಪು ಕಾಗದದ ಗೆರೆಗಳು ದಿನ ಕಳೆದಂತೆ ಮಾಸುತ್ತವೆ, ಹೋಲಿಸಿ ನೋಡಲು ಹಳೆಯದು ಇದ್ದರೆ ಹೊಸದು ಅನೇಕ ಸಲ ಬೇಕಾಗುವುದೇ ಇಲ್ಲ.

## ಚಿಕಿತ್ಸೆಯ ಬಗ್ಗೆ

ಸೈಕಿಯಾಟ್ರಿಸ್ಟ್ ಹತ್ರ ಹೋಗಿ ಅಂದ್ರು. ನನಗೇನು ಹುಚ್ಚಾ?

ಇಲ್ಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಆಮೇಲೆ ಮೆದುಳು–ಮನಸ್ಸಿನ ಚಿಕಿತ್ಸೆಯನ್ನು ಓದಿದವರು. ನಿಮ್ಮ ಎದೆಬಡಿತದ ಹಿಂದೆ ದೇಹದ ಕಾಯಿಲೆಯಿದ್ದರೆ ಅದನ್ನು ಗುರುತಿಸುವುದೂ ಅವರ ಕೆಲಸವೇ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಎದುರಿಗೆ ಕುಳಿತು ಹೇಳಲು ಸಂಕೋಚವಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಹರಕೆ ಹೊರುವುದು, ದೃಷ್ಟಿ ತೆಗೆಸುವುದು ನಿಮ್ಮ ಮನೆಯ ನಂಬಿಕೆಯಾದರೆ ಅದಕ್ಕಾಗಿ ಚಿಕಿತ್ಸೆಯನ್ನು ಮುಂದೂಡದಿದ್ದರೆ ಸಾಕು.

ಆ ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ಬಿಡಕ್ಕಾಗಲ್ಲ ಅಂತಾರಲ್ಲ?

ಆತಂಕಕ್ಕೆ ಕೊಡುವ ಎರಡು ಬಗೆಯ ಮಾತ್ರೆಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. ಆಲ್‌ಪ್ರಜೋಲಾಮ್, ಕ್ಲೊನಜೆಪಾಮ್ ಜಾತಿಯವು ಗಂಟೆಯೊಳಗೆ ಶಾಂತಗೊಳಿಸುತ್ತವೆ, ಆದರೆ ವಾರಗಟ್ಟಲೆ ತೆಗೆದುಕೊಂಡರೆ ಅವಲಂಬನೆ ಬೆಳೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ನುಂಗುವುದು, ಮದ್ಯದೊಂದಿಗೆ ಸೇರಿಸುವುದು ಅಪಾಯ. ಎಸಿಟಾಲೊಪ್ರಾಮ್, ಸರ್ಟ್ರಲಿನ್‌ನಂತಹವು ಆ ರೀತಿಯ ಚಟ ಹಿಡಿಸುವುದಿಲ್ಲ. ಇವು ಗುಣ ತೋರಲು ಎರಡರಿಂದ ನಾಲ್ಕು ವಾರ ಅಥವಾ ಇನ್ನೂ ಹೆಚ್ಚು ಬೇಕು, ಮೊದಲ ವಾರದಲ್ಲಿ ಆತಂಕ ತುಸು ಹೆಚ್ಚಲೂಬಹುದು. ಇದನ್ನು ಮೊದಲೇ ಹೇಳದ ಕಾರಣಕ್ಕೆ ಎಷ್ಟೋ ಜನ ನಾಲ್ಕನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ. ಬಿಡುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ ಬಿಡಬೇಕು. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯೂ ಚೆನ್ನಾಗಿ ಕೆಲಸಮಾಡುತ್ತದೆ, ಸಾಧ್ಯವಿರುವ ಕಡೆ ಅದನ್ನೇ ಮೊದಲು ಕೇಳಬಹುದು.

## ಕಷ್ಟದ ಪ್ರಶ್ನೆಗಳು

ನನಗೆ ಶುಗರೂ ಇದೆ, ಸ್ಟೆಂಟೂ ಹಾಕಿದಾರೆ, ಆತಂಕವೂ ಇದೆ. ಈಗ ಯಾವುದನ್ನ ಯಾವುದು ಅಂತ ಹೇಳೋದು?

ಇದೋ ಅದೋ ಎಂದು ಒಂದನ್ನೇ ಆರಿಸಬೇಕೆಂಬ ಒತ್ತಾಯವೇ ಇಲ್ಲಿ ತಪ್ಪುದಾರಿಗೆ ಎಳೆಯುತ್ತದೆ. ಎರಡೂ ಒಟ್ಟಿಗಿರುವುದು ಸಾಮಾನ್ಯ, ಒಂದು ಇನ್ನೊಂದನ್ನು ಹೆಚ್ಚಿಸುವುದೂ ಸಾಮಾನ್ಯ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ, ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಬಳಸುವ ಡಿಎಸ್‌ಎಂ–5 ಕೈಪಿಡಿ, ಲಕ್ಷಣಕ್ಕೆ ವೈದ್ಯಕೀಯ ಕಾರಣ ಸಿಗದಿರಬೇಕೆಂಬ ಹಳೆಯ ಷರತ್ತನ್ನು, ದೇಹದ ಲಕ್ಷಣಗಳ ಚಿಂತೆಯೇ ಕಾಡುವ ಕಾಯಿಲೆಗಳ ಮುಖ್ಯ ವ್ಯಾಖ್ಯೆಯಿಂದ ಕೈಬಿಟ್ಟಿತು. ಲಕ್ಷಣದ ಬಗೆಗಿನ ಯೋಚನೆ, ಭಯ, ತಪಾಸಣೆಗಳು ಬದುಕಿನ ಎಷ್ಟು ಭಾಗವನ್ನು ನುಂಗಿವೆ ಎಂಬುದನ್ನು ಅದು ನೋಡುತ್ತದೆ. ಸ್ಟೆಂಟ್ ಹಾಕಿದವರಿಗೂ ಆತಂಕಕ್ಕೆ ಚಿಕಿತ್ಸೆ ಸಿಗಬೇಕು, ಆತಂಕವಿದ್ದವರ ಹೃದಯವನ್ನೂ ನೋಡಬೇಕು. ಯಾವ ಲಕ್ಷಣಕ್ಕೆ ನೇರ ಆಸ್ಪತ್ರೆ, ಯಾವುದಕ್ಕೆ ಅರ್ಧ ಗಂಟೆ ಕಾಯುವುದು ಎಂಬುದನ್ನು ನಿಮ್ಮ ಹೃದ್ರೋಗ ತಜ್ಞರಿಂದಲೇ ಚೀಟಿಯ ಮೇಲೆ ಬರೆಸಿಕೊಳ್ಳಿ. ನಡುರಾತ್ರಿ ಗಾಬರಿಯಲ್ಲಿ ತೀರ್ಮಾನಿಸುವ ಹೊರೆ ತಪ್ಪುತ್ತದೆ.

ಅಮ್ಮನಿಗೆ ಅರವತ್ತೈದು. ಯಾವತ್ತೂ ಹೆದರಿದವರಲ್ಲ, ಎರಡು ತಿಂಗಳಿಂದ ಗಾಬರಿ, ಗಾಬರಿ ಅಂತಾರೆ.

ಇಳಿವಯಸ್ಸಿನಲ್ಲಿ ಮೊಟ್ಟಮೊದಲ ಬಾರಿಗೆ ಕಾಣಿಸಿಕೊಂಡ ಆತಂಕಕ್ಕೆ ದೇಹದ ಕಾರಣವನ್ನೇ ಮೊದಲು ಹುಡುಕಬೇಕು: ಹೃದಯದ ಲಯ, ಥೈರಾಯ್ಡ್, ಶ್ವಾಸಕೋಶ, ರಕ್ತದ ಸೋಡಿಯಂ, ಹೊಸದಾಗಿ ಸೇರಿಸಿದ ಮಾತ್ರೆ. ಖಿನ್ನತೆ ಮತ್ತು ಮರೆವಿನ ಕಾಯಿಲೆಯ ಆರಂಭವೂ ಹೀಗೆ ಕಾಣಬಹುದು. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನಾಟಿ ಔಷಧಿಯನ್ನೂ ಸೇರಿಸಿ, ಒಂದೇ ಚೀಲದಲ್ಲಿ ಹಾಕಿಕೊಂಡು ಕರೆದೊಯ್ಯಿರಿ.

ಒಂದು ಸಲ ಚೀಟಿಲಿ ‘ಆಂಕ್ಸೈಟಿ’ ಅಂತ ಬರೆದ ಮೇಲೆ ಏನು ಹೇಳಿದ್ರೂ ಅದೇ ಅಂತಾರೆ. ಹೊಸ ತೊಂದರೆ ಬಂದ್ರೆ ಏನ್ ಮಾಡೋದು?

ಈ ದೂರಿನಲ್ಲಿ ಸತ್ಯವಿದೆ, ಆತಂಕದ ರೋಗಿಗಳ ದೇಹದ ಕಾಯಿಲೆ ತಡವಾಗಿ ಪತ್ತೆಯಾಗುವುದು ವೈದ್ಯರೂ ಒಪ್ಪುವ ಸಂಗತಿ. ‘ನನಗೆ ತುಂಬಾ ಭಯವಾಗ್ತಿದೆ’ ಎಂದು ಮಾತು ಶುರುಮಾಡಿದರೆ ಕೇಳುವವರ ಗಮನ ಭಯದ ಮೇಲೆ ನಿಲ್ಲುತ್ತದೆ. ಬದಲಾಗಿ ವ್ಯತ್ಯಾಸದಿಂದ ಶುರುಮಾಡಿ: ‘ನನ್ನ ಆತಂಕದ ಎದೆಬಿಗಿತ ನನಗೆ ಗೊತ್ತು, ಅದು ಕೂತಾಗ ಬಂದು ಇಪ್ಪತ್ತು ನಿಮಿಷಕ್ಕೆ ಹೋಗ್ತದೆ. ಇದು ಹತ್ತು ದಿನದಿಂದ ಮೆಟ್ಟಿಲು ಹತ್ತುವಾಗ ಮಾತ್ರ ಬರ್ತಿದೆ, ನಿಂತರೆ ಹೋಗ್ತದೆ.’ ಆಮೇಲೆ ‘ಇದು ಆತಂಕವೇ ಅನ್ನುವುದಾದರೆ ಯಾವ ಯಾವ ಕಾಯಿಲೆ ಇಲ್ಲ ಅಂತ ನೋಡಿದ್ದೀರಿ? ಎಷ್ಟು ದಿನದಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಬರಲಿ?’ ಎಂದು ವಿನಯದಿಂದ ಕೇಳಿ. ಅದಕ್ಕೆ ಸಮಾಧಾನದ ಉತ್ತರ ಸಿಗದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ, ಹಿಂದಿನ ಚೀಟಿ ಮತ್ತು ರಿಪೋರ್ಟುಗಳನ್ನು ಬಚ್ಚಿಡದೆ ಅವರ ಮುಂದಿಡಿ.